ಅರುಂಧತಿಗೆ ಮೊದಲು ಕಾಣುವ ನಕ್ಷತ್ರ

ಆಪರೇಟಿಂಗ್ ಸಿಸ್ಟಮ್ ಕಲಿಯಲು ಬಂದವರಿಗೆ ಮೊದಲ ಪ್ರೋಗ್ರಾಮಿಂಗ್ ಅಭ್ಯಾಸವಾಗಿ ಏನನ್ನು ಕೊಡಬೇಕು ಎಂಬುದು ಮೂಲದಲ್ಲಿ ಜ್ಞಾನದ ಪ್ರಶ್ನೆ: ಕಣ್ಣಿಗೆ ಬೀಳದ್ದನ್ನು ತೋರಿಸುವುದು ಹೇಗೆ? ವೇದಾಂತದ ಸ್ಥೂಲಾರುಂಧತೀ ನ್ಯಾಯ ಇದಕ್ಕೊಂದು ದಾರಿ ಹೇಳುತ್ತದೆ. ಮಸುಕಾದ ಅರುಂಧತಿಯ ಪಕ್ಕದ ದೊಡ್ಡ ನಕ್ಷತ್ರವನ್ನೇ ಮೊದಲು ಅರುಂಧತಿಯೆಂದು ತೋರಿಸಿ, ಬಳಿಕ ಅದನ್ನು ಅಲ್ಲಗಳೆದು ನಿಜವಾದದ್ದರ ಕಡೆಗೆ ನೋಟ ಸರಿಸುವುದು.

ಇಲ್ಲಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಅರುಂಧತಿ. ಎಂಐಟಿಯಲ್ಲಿ 2006ರಲ್ಲಿ ಬೋಧನೆಗೆಂದೇ ರೂಪುಗೊಂಡ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6ರ ಆರಂಭದ ಅಭ್ಯಾಸಗಳು ಕರ್ನಲ್‌ನ ಹೊರಗೇ ನಡೆಯುತ್ತವೆ: ಪೈಪ್ ಮೂಲಕ ಎರಡು ಪ್ರೊಸೆಸ್‌ಗಳು ಒಂದು ಬೈಟನ್ನು ಕೊಟ್ಟು ತೆಗೆದುಕೊಳ್ಳುವಂಥವು.

ಇವುಗಳಲ್ಲಿ ಬಳಸುವ ಕರೆಗಳ ಪೈಕಿ, ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್‌ನಷ್ಟು ಅರ್ಥ ತುಂಬಿದ್ದು ಬೇರೊಂದಿಲ್ಲ. ಒಮ್ಮೆ ಕರೆದರೆ ಅದು ಎರಡು ಸಲ ಮರಳುತ್ತದೆ. ತಾಯಿ ಪ್ರೊಸೆಸ್‌ಗೆ ಮಗುವಿನ ಸಂಖ್ಯೆ, ಮಗುವಿಗೆ ಸೊನ್ನೆ. ಅಲ್ಲಿಯವರೆಗೆ 10 ಇದ್ದ ಚರವನ್ನು ಮಗು 20 ಮಾಡಿದರೂ ತಾಯಿಯಲ್ಲಿ ಅದು 10 ಆಗಿಯೇ ಉಳಿಯುತ್ತದೆ. ಎರಡೂ ಮುದ್ರಿಸುವ ಆ ಚರದ ವಿಳಾಸ ಮಾತ್ರ ಒಂದೇ! ಪ್ರೋಗ್ರಾಂ ಕಾಣುವ ವಿಳಾಸ ಮೆಮೊರಿಯ ನಿಜವಾದ ವಿಳಾಸವಲ್ಲ ಎಂಬ ಸೂಕ್ಷ್ಮ ಹೀಗೆ ಹತ್ತು ಸಾಲಿನಲ್ಲಿ ಅನುಭವಕ್ಕೆ ಬರುತ್ತದೆ.

ಈ ಎರಡು ಬಗೆಯ ವಿಳಾಸಗಳನ್ನು ಬೆಸೆಯುವ ಪೇಜ್ ಟೇಬಲ್ ಬರೆಸುವುದು ಆಮೇಲಿನ ಕೆಲಸ. ಅದನ್ನು ಮೊದಲ ವಾರವೇ ಹೇರುವುದು ತಪ್ಪು.