ನೋಟ ಪರರಿಚ್ಛೆ: ಆ ಪರರು ಯಾರು?

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆ ಕನ್ನಡ ನಾಡಿನ ಮನೆಮನೆಯಲ್ಲಿಯೂ ಕೇಳಿಬರುವಂಥದು. ಉಣ್ಣುವುದು ತನ್ನ ಒಡಲಿಗೆ ಸೇರಿದ್ದು; ಅಲ್ಲಿ ತನ್ನ ರುಚಿಯೇ ಪ್ರಮಾಣ. ಉಡುವುದು ನಾಲ್ವರ ಕಣ್ಣಿಗೆ ಬೀಳುವಂಥದು. ಅಲ್ಲಿ ನಾಲ್ವರ ಒಪ್ಪಿಗೆಯೇ ಪ್ರಮಾಣ. ಇದು ಗಾದೆಯ ತಾತ್ಪರ್ಯ. ಹಿರಿಯರು ಅನುಭವದಿಂದ ಆಡಿದ ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಾದೆಯು ಒಂದು ಪ್ರಶ್ನೆಯನ್ನು ಉಳಿಸಿದೆ. ಪರರಿಚ್ಛೆ ಎಂದರೆ ಯಾವ ಪರರ ಇಚ್ಛೆ? ತನಗಿಂತ ಮೇಲೆ ಕುಳಿತವರದೋ, ತನಗಿಂತ ಕೆಳಗೆ ಕುಳಿತವರದೋ? ಹೊಗಳಿ ನೋಡುವವರದೋ, ತಮ್ಮ ಹಳೆಯ ಬಟ್ಟೆಯನ್ನು ಮುದುರಿಕೊಂಡು ಮೂಲೆಯಲ್ಲಿ ನಿಂತವರದೋ? ಈ ಪ್ರಶ್ನೆಗೆ ಉತ್ತರ ದೊರೆತರೆ, ಉಡುಪಿನ ವಿಷಯದಲ್ಲಿ ಗೃಹಸ್ಥರನ್ನು ಕಾಡುವ ತೊಡಕು ಬಹುಮಟ್ಟಿಗೆ ಬಿಡುತ್ತದೆ.

ದಾವಣಗೆರೆಯ ಜನಕ್ಕೆ ಬಟ್ಟೆಯ ಮಾತು ಹೊಸದಲ್ಲ. ಸುತ್ತಣ ಎರೆನೆಲದ ಹತ್ತಿ ಈ ಪೇಟೆಗೆ ಬಂದು ಮಾರಾಟವಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ಹತ್ತಿಗಿರಣಿಗಳು ಒಂದರ ಹಿಂದೊಂದು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಆ ಗಿರಣಿಗಳಲ್ಲಿ ಬಹುಪಾಲು ಇಂದು ಮುಚ್ಚಿವೆ. ಆದರೆ ನೂಲಿನ ಹಿಂದೆ ಎಷ್ಟು ಜನರ ಬೆವರಿದೆ ಎಂಬುದನ್ನು ಬಲ್ಲ ಮುದುಕರು ಇನ್ನೂ ಊರಲ್ಲಿದ್ದಾರೆ. ಹರಿಹರದ ಆಚೆಯ ದಂಡೆಯಲ್ಲಿ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ, ಮರದ ತಿರುಳನ್ನು ಕರಗಿಸಿ ನಾರು ತೆಗೆಯುವ ಉದ್ಯಮವು 1970ರ ದಶಕದಲ್ಲಿ ಬೆಳೆಯಿತು. ಹೊಲದ ಹತ್ತಿಯಾಗಲಿ, ಕಾಡಿನ ಮರವಾಗಲಿ, ಮನುಷ್ಯನ ಮೈಗೆ ಬಟ್ಟೆಯಾಗಿ ಬರುವ ಮೊದಲು ಸಾವಿರ ಕೈಗಳನ್ನು ದಾಟಿ ಬರುತ್ತದೆ. ಹೀಗೆ ಸಾವಿರ ಕೈಗಳ ಕಾಯಕದಿಂದ ದೊರೆತ ವಸ್ತು ಒಬ್ಬನ ಗರ್ವಕ್ಕೂ ಮತ್ತೊಬ್ಬನ ನಾಚಿಕೆಗೂ ಕಾರಣವಾಗುವುದಾದರೆ, ಅದು ಬಟ್ಟೆಯ ದೋಷವಲ್ಲ, ಉಡುವವರ ದೋಷ.

ಯಾವ ಮನೆಯಲ್ಲಿಯೂ ನಡೆಯಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಭಾವಿಸಬಹುದು. ದಾವಣಗೆರೆಯ ಒಂದು ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರು. ಹಿರಿಯನದು ಮಂಡಿಯ ವ್ಯಾಪಾರ; ಕೈ ತುಂಬಾ ಅನುಕೂಲ. ಕಿರಿಯನು ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ಸಂಸಾರ ತೂಗಿಸುವವನು. ಮನೆಯ ಹೆಣ್ಣುಮಗಳ ಮದುವೆ ಹರಿಹರದ ಬೀಗರ ಊರಿನಲ್ಲಿ ನಿಶ್ಚಯವಾಯಿತು. ಮನೆಯ ಹೆಂಗಸರೆಲ್ಲರೂ ಒಂದೇ ಬಣ್ಣದ, ಒಂದೇ ಬೆಲೆಯ ರೇಷ್ಮೆ ಸೀರೆ ಉಟ್ಟು ಮಂಟಪದಲ್ಲಿ ನಿಲ್ಲಬೇಕೆಂದು ಹಿರಿಯ ಸೊಸೆ ಆಸೆಪಟ್ಟಳು. ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನೆ ಒಂದೆಂದು ಜನ ಕಾಣಲಿ ಎಂಬುದೇ ಅದರ ಮೂಲ. ಆದರೆ ಆ ಸೀರೆಯ ಬೆಲೆ ಕಿರಿಯನ ಎರಡು ತಿಂಗಳ ಸಂಬಳ. ಅವನು ಸಾಲಕ್ಕೆ ಕೈಚಾಚಲು ಹೊರಟನು. ಕಿರಿಯ ಸೊಸೆ ಬೇಡವೆಂದಳು. ತವರಿನಿಂದ ತಂದ ಇಳಕಲ್ ಸೀರೆ ಪೆಟ್ಟಿಗೆಯಲ್ಲಿದೆ, ಅದನ್ನೇ ಉಡುವೆನೆಂದಳು.

ಅತ್ತೆಗೆ ಕಳವಳವಾಯಿತು. "ಎಲ್ಲರೂ ಒಂದು ಬಗೆ, ನೀನೊಬ್ಬಳು ಒಂದು ಬಗೆ ನಿಂತರೆ ಬೀಗರ ಕಡೆಯವರು ಏನೆಂದಾರು ತಾಯಿ?" ಎಂದಳು.

"ಸಾಲದ ಸೀರೆ ಉಟ್ಟು ನಿಂತರೆ ಮೈಮೇಲೆ ಬೆಂಕಿ ಇಟ್ಟುಕೊಂಡಂತಾಗುತ್ತದೆ ಅತ್ತೆ" ಎಂದು ಸೊಸೆ ತಲೆ ತಗ್ಗಿಸಿದಳು.

ಹಿರಿಯ ಸೊಸೆ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಅವಳ ಮನಸ್ಸಿಗೆ ಮಾತು ತಟ್ಟಿತು. "ಮದುವೆಗೆ ಕಳೆ ಬರಲೆಂದು ಒಂದೇ ಸೀರೆ ಎಂದೆ. ನಿನ್ನ ಮುಖದ ಕಳೆಯೇ ಹೋಗುವುದಾದರೆ ಆ ಸೀರೆ ಏಕೆ ತಂಗಿ? ನನ್ನ ಪೆಟ್ಟಿಗೆಯಲ್ಲಿಯೂ ಅವ್ವ ಕೊಟ್ಟ ಇಳಕಲ್ ಸೀರೆ ಇದೆ. ಇಬ್ಬರೂ ಅದನ್ನೇ ಉಡೋಣ" ಎಂದಳು. ಮದುವೆಯ ದಿನ ಓರಗಿತ್ತಿಯರಿಬ್ಬರೂ ಕೆಂಪು ಸೆರಗಿನ ಇಳಕಲ್ ಸೀರೆಯಲ್ಲಿ ಬೀಗರನ್ನು ಎದುರುಗೊಂಡರು. ಮನೆ ಒಂದೆಂದು ಜನಕ್ಕೆ ಕಂಡಿತು, ಸಾಲವೂ ಆಗಲಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಕಿರಿಯಳ ದಿಟ್ಟತನವಷ್ಟೇ ಅಲ್ಲ, ಹಿರಿಯಳ ಬಾಗುವಿಕೆ. ಲೋಕದ ರೂಢಿಯಲ್ಲಿ ಹೊಂದಿಕೊಳ್ಳುವ ಭಾರವು ಯಾವಾಗಲೂ ಇಲ್ಲದವರ ತಲೆಯ ಮೇಲೆಯೇ ಬೀಳುತ್ತದೆ. ಬಡವನು ಸಿರಿವಂತನ ಸಮಕ್ಕೆ ಉಡಲು ಹೆಣಗುತ್ತಾನೆ. ಜಗಳೂರಿನ ಕಡೆಯಿಂದ ಓದಲು ಬಂದ ರೈತನ ಮಗನು ಪೇಟೆಯ ಹುಡುಗರಂತೆ ಕಾಣಬೇಕೆಂದು, ಮೆಕ್ಕೆಜೋಳ ಮಾರಿ ತಂದೆ ಕಳುಹಿಸಿದ ಹಣವನ್ನು ಚೌಕಿಪೇಟೆಯಲ್ಲಿ ಕಳೆಯುತ್ತಾನೆ. ಇದಕ್ಕೆ ಹೊಂದಿಕೆ ಎಂಬ ಹೆಸರು ಸಲ್ಲದು, ಇದು ಅಂಜಿಕೆ. ಉಳ್ಳವನು ತನ್ನ ಪಕ್ಕದವನು ನಾಚದಂತೆ ಉಡುವುದೇ ನಿಜವಾದ ಹೊಂದಿಕೆ. ಹೊಂದಿಕೊಳ್ಳುವ ಹೊಣೆ ಶಕ್ತಿಯುಳ್ಳವರದು. ಶರಣರ ನಡೆಯಲ್ಲಿ ಕಾಣುವ ಬೆಳಕು ಇದೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅರಮನೆಯ ಅಧಿಕಾರಕ್ಕೆ ತಕ್ಕ ಉಡುಪು ಅವರಿಗೆ ಸಹಜವಾಗಿಯೇ ಒದಗಿದ್ದಿತು. ಆದರೆ ಸಮಗಾರ ಹರಳಯ್ಯನು ತನ್ನ ತೊಡೆಯ ಚರ್ಮದಿಂದ ಮಾಡಿ ತಂದ ಪಾದರಕ್ಷೆಗಳನ್ನು ಅವರು ಕಾಲಿಗೆ ತೊಡಲಿಲ್ಲ, ತಲೆಯ ಮೇಲೆ ಹೊತ್ತರು ಎಂದು ಶರಣರ ಕಥೆಗಳು ಸಾರುತ್ತವೆ. ತೊಡುವ ವಸ್ತುವಿನ ಬೆಲೆಯನ್ನು ಅವರು ಪೇಟೆಯ ಧಾರಣೆಯಿಂದ ಅಳೆಯಲಿಲ್ಲ, ಮಾಡಿದ ಕೈಗಳಿಂದ ಅಳೆದರು. ಜೇಡರ ದಾಸಿಮಯ್ಯನು ತಾನೇ ನೆಯ್ದ ಬಟ್ಟೆಯನ್ನು ಬೇಡಿ ಬಂದ ಜಂಗಮನಿಗೆ ಕೊಟ್ಟನು; ಆತನು ಅದನ್ನು ಹರಿದು ಚೂರುಮಾಡಿದರೂ ಸಿಡುಕಲಿಲ್ಲ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನು ಅದನ್ನು ಇದ್ದ ಸ್ಥಳದಲ್ಲಿಯೇ ಸುರಿದು ಬರಲು ಹೇಳಿದಳು. ಅಕ್ಕಿಗೆ ಸಲ್ಲುವ ಈ ಅಳತೆ ಅರಿವೆಗೂ ಸಲ್ಲುತ್ತದೆ. ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಉಳಿದ ಹತ್ತು ಸೀರೆಗಳು ಯಾರ ಪಾಲಿನವು ಎಂದು ಕೇಳಿಕೊಂಡವರ ಮನೆಯಲ್ಲಿ ಲಕ್ಕಮ್ಮನ ಮಾತು ಇನ್ನೂ ಜೀವಂತವಾಗಿದೆ.

ಉಡುಪಿನ ವಿಷಯದಲ್ಲಿ ಅಕ್ಕಮಹಾದೇವಿಯ ಪ್ರಸಂಗದಷ್ಟು ಆಳವಾದುದು ಬೇರೊಂದಿಲ್ಲ. ಉಡುತಡಿಯಿಂದ ಹೊರಟ ಅಕ್ಕನು ಅರಸನ ಅರಮನೆಯನ್ನೂ ಅದರ ವಸ್ತ್ರಾಭರಣಗಳನ್ನೂ ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಳು. ಎಲ್ಲವನ್ನೂ ಬಿಟ್ಟ ಮೇಲೆ ಕೂದಲಿನ ಮರೆ ಏತಕ್ಕೆ ಎಂದು ಅಲ್ಲಮಪ್ರಭುಗಳು ಕೇಳಿದುದನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಅಕ್ಕನ ಉತ್ತರದ ಭಾವವಿಷ್ಟು: ಆ ಮರೆ ತನ್ನ ನಾಚಿಕೆಗಾಗಿ ಅಲ್ಲ, ನೋಡುವವರಿಗೆ ತನ್ನಿಂದ ನೋವು ತಟ್ಟಬಾರದೆಂಬುದಕ್ಕಾಗಿ. ಲೋಕದ ಭಯವನ್ನು ಸಂಪೂರ್ಣವಾಗಿ ಗೆದ್ದವಳು ಆಕೆ. ಗೆದ್ದಮೇಲೂ ಲೋಕದ ಮೇಲಣ ಕರುಣೆಯನ್ನು ಬಿಡಲಿಲ್ಲ. ಆಕೆಗೆ ಯಾರೂ ಕಟ್ಟಳೆ ವಿಧಿಸಿರಲಿಲ್ಲ; ಆದುದರಿಂದ ಈ ಪ್ರಸಂಗವನ್ನು ಹಿಡಿದು ಹೆಣ್ಣುಮಕ್ಕಳ ಮೇಲೆ ಕಟ್ಟಳೆ ಹೇರಹೊರಡುವವರು ಅದರ ಮರ್ಮವನ್ನು ತಿಳಿಯಲಿಲ್ಲವೆಂದೇ ಹೇಳಬೇಕು. ಅಂಜಿ ಮುಚ್ಚಿಕೊಳ್ಳುವುದು ಬೇರೆ, ಅರಿತು ಮರೆಮಾಡುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗೆ ಒಂದು ದಾಸ್ಯ, ಇನ್ನೊಂದು ದಾಸೋಹ.

ಈಚಿನ ಕಾಲದಲ್ಲಿಯೂ ಇದೇ ದಾರಿಯಲ್ಲಿ ನಡೆದವರುಂಟು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಮಹಾತ್ಮಾ ಗಾಂಧಿಯವರು ತಮ್ಮ ಹಿಂದಿನ ಉಡುಪನ್ನು ತೊರೆದು ತುಂಡು ಪಂಚೆಯನ್ನು ಉಟ್ಟರು. ವಿದೇಶಿ ಬಟ್ಟೆಯನ್ನು ಬಿಡಿರೆಂದು ಬಡವರಿಗೆ ಹೇಳಿದಾಗ, ಮೈತುಂಬ ಖಾದಿ ಕೊಳ್ಳುವಷ್ಟು ಹಣ ಅವರಲ್ಲಿರಲಿಲ್ಲ. ಕಡಮೆ ಬಟ್ಟೆಯಲ್ಲಿಯೂ ಮಾನವಾಗಿ ಬಾಳಬಹುದೆಂದು ತೋರಲು ಹೇಳುವವರೇ ಮೊದಲು ಬಾಗಿದರು. 1931ರಲ್ಲಿ ಲಂಡನ್ನಿನ ಅರಮನೆಯಲ್ಲಿ ದೊರೆಯ ಎದುರಿಗೂ ಅದೇ ಉಡುಪಿನಲ್ಲಿ ನಿಂತರು. ಅವರು ಹೊಂದಿಕೊಂಡದ್ದು ದೊರೆಗಲ್ಲ, ಬಡವನಿಗೆ.

ಕರ್ನಾಟಕದ ಗಾಂಧಿ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು ದಾವಣಗೆರೆಗೆ ಆಪ್ತರು. ಉಪಾಧ್ಯಾಯ ವೃತ್ತಿಯನ್ನು ಬಿಟ್ಟು, 1906ರಲ್ಲಿ ಈ ಊರಿನಿಂದ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ಇಲ್ಲಿಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿಸಿದರು. ಸ್ವದೇಶಿಯನ್ನೂ ಖಾದಿಯನ್ನೂ ಅವರು ಬರಿಯ ಮಾತಿನಲ್ಲಿ ಬೋಧಿಸಲಿಲ್ಲ, ಮೈಮೇಲೆ ಹೊತ್ತು ಬೋಧಿಸಿದರು. ಶರಣರ ಕಾಯಕತತ್ತ್ವಕ್ಕೂ ನೂಲುವ ಕೈಗೂ ಇರುವ ನಂಟನ್ನು ಅವರು ಕಂಡುಕೊಂಡಿದ್ದರು.

ಹಾಗಾದರೆ ತನ್ನ ರುಚಿಗೆ ಎಡೆಯೇ ಇಲ್ಲವೇ ಎಂದು ತರುಣರು ಕೇಳಬಹುದು. ಉಂಟು. ಶರಣಧರ್ಮವು ಎಲ್ಲರಿಗೂ ಒಂದೇ ಸಮವಸ್ತ್ರವನ್ನು ವಿಧಿಸಲಿಲ್ಲ. ಅನುಭವ ಮಂಟಪದಲ್ಲಿ ಕೂಡಿದವರಲ್ಲಿ ಅಂಬಿಗನಿದ್ದನು, ಮಡಿವಾಳನಿದ್ದನು, ಮೇದಾರನಿದ್ದನು, ಮಂತ್ರಿಯಿದ್ದನು. ಅವರವರ ಕಾಯಕ ಅವರವರದು. ಕಾಯಕಕ್ಕೆ ತಕ್ಕ ಉಡುಪೂ ಅವರವರದೇ. ಓಡುವ ಯಂತ್ರದ ಪಕ್ಕದಲ್ಲಿ ದುಡಿಯುವವನಿಗೆ ಜೋಲಾಡುವ ಧೋತರದ ಚುಂಗು ಅಪಾಯ. ಅವನಿಗೆ ಬಿಗಿಯಾದ ಉಡುಪೇ ಧರ್ಮ. ಹೊಲದವನಿಗೆ ಬಿಸಿಲು ತಡೆಯುವ ರುಮಾಲೇ ಧರ್ಮ. ಕಾಲೇಜಿಗೆ ದೂರ ನಡೆದು ಹೋಗುವ ಹುಡುಗಿಗೆ ನಡಿಗೆಗೆ ಅನುಕೂಲವಾದ ಉಡುಪೇ ತಕ್ಕುದು. ಬಣ್ಣ, ಅಂಚು, ಉಡುವ ಬಗೆ ಇವುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರೀತಿ ಇರುವುದು ಸಹಜ. ಅದರಿಂದ ಆಚಾರಕ್ಕೆ ಕುಂದಿಲ್ಲ. ಇಳಕಲ್ ಸೀರೆಯನ್ನು ನೆಯ್ಯುವವರು ಒಡಲಿನ ಎಳೆಯನ್ನು ಬೇರೆಯಾಗಿ, ಸೆರಗಿನ ಎಳೆಯನ್ನು ಬೇರೆಯಾಗಿ ಅಣಿಗೊಳಿಸಿ, ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಒಡಲು ತನ್ನ ಬಣ್ಣವನ್ನು ಬಿಡುವುದಿಲ್ಲ, ಸೆರಗು ತನ್ನ ಬಣ್ಣವನ್ನು ಬಿಡುವುದಿಲ್ಲ. ಕೊಂಡಿ ಗಟ್ಟಿಯಾಗಿದ್ದರೆ ಸೀರೆ ಒಂದೇ. ವ್ಯಕ್ತಿಗೂ ಸಮಾಜಕ್ಕೂ ನಡುವೆ ಬೇಕಾದುದು ಅಂಥ ಕೊಂಡಿ.

ಹರಿಹರದಲ್ಲಿ 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಳಾಲ್ವನು ಕಟ್ಟಿಸಿದ ಗುಡಿಯ ಮೂರ್ತಿಯು ಒಂದು ಪಕ್ಕಕ್ಕೆ ಹರನ ಲಕ್ಷಣವನ್ನೂ ಇನ್ನೊಂದು ಪಕ್ಕಕ್ಕೆ ಹರಿಯ ಲಕ್ಷಣವನ್ನೂ ಧರಿಸಿದೆ. ಭೂಷಣಗಳು ಬೇರೆಯಾದರೂ ಒಡಲು ಒಂದೇ ಆಗಿರಬಹುದೆಂಬ ಪಾಠವನ್ನು ಆ ಊರು ನೂರಾರು ವರ್ಷಗಳಿಂದ ನೋಡುತ್ತ ಬಂದಿದೆ.

ಲಿಂಗವಂತರಿಗಾದರೋ ಈ ಒಂದುತನದ ಕುರುಹು ಎದೆಯ ಮೇಲೆಯೇ ಇದೆ. ಇಷ್ಟಲಿಂಗವನ್ನು ಒಬ್ಬನು ಬೆಳ್ಳಿಯ ಕರಡಿಗೆಯಲ್ಲಿಡುತ್ತಾನೆ, ಮತ್ತೊಬ್ಬನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಾನೆ. ಕರಡಿಗೆಯಲ್ಲಿ ಭೇದವುಂಟು, ಲಿಂಗದಲ್ಲಿ ಭೇದವಿಲ್ಲ. ಪೂಜೆಗೆ ಕುಳಿತಾಗ ಇಬ್ಬರೂ ಹೊದಿಕೆಯನ್ನು ತೆಗೆದಿಟ್ಟು ಅಂಗೈಯಲ್ಲಿ ಅದೇ ಲಿಂಗವನ್ನು ಕಾಣುತ್ತಾರೆ. ಪ್ರತಿದಿನವೂ ಹೊದಿಕೆ ತೆಗೆದು ಒಳಗನ್ನು ನೋಡುವ ಅಭ್ಯಾಸವುಳ್ಳವರು, ಎದುರಿಗೆ ಬಂದ ಮನುಷ್ಯನ ಹೊದಿಕೆಯಲ್ಲಿಯೇ ಕಣ್ಣು ನಿಲ್ಲಿಸುವುದು ತರವಲ್ಲ. ಹೊಸ ಊರಿನಲ್ಲಿ ನಾಲ್ವರು ನಕ್ಕಾರೆಂದು ವಿಭೂತಿಯನ್ನು ಒರೆಸಿಕೊಳ್ಳುವುದೂ ಸಲ್ಲದು. ನಾಲ್ವರು ಮೆಚ್ಚಲೆಂದು ಅಗಲವಾಗಿ ಬಳಿದುಕೊಳ್ಳುವುದೂ ಸಲ್ಲದು. ಎರಡರಲ್ಲಿಯೂ ಅಂಗೈಯ ಲಿಂಗ ಮರೆತುಹೋಗಿ ಪರರ ಕಣ್ಣೇ ದೇವರಾಗುತ್ತದೆ.

ಆದುದರಿಂದ ಗೃಹಸ್ಥರು ಬಟ್ಟೆ ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ತನ್ನ ಸತ್ಯಶುದ್ಧ ಕಾಯಕದ ಗಳಿಕೆಯಿಂದ ಬಂದುದೋ, ಸಾಲದಿಂದ ಬಂದುದೋ? ಇದು ತನ್ನ ಕೆಲಸಕ್ಕೂ ಕಾಲಕ್ಕೂ ತಕ್ಕುದೋ? ಇದನ್ನುಟ್ಟು ನಿಂತಾಗ ಪಕ್ಕದಲ್ಲಿರುವ ಬಡ ಬಂಧು ಹತ್ತಿರ ಸರಿಯುವನೋ, ದೂರ ಸರಿಯುವನೋ? ಮೊದಲೆರಡು ಪ್ರಶ್ನೆಗಳನ್ನು ಜಾಣರೆಲ್ಲರೂ ಕೇಳಿಕೊಳ್ಳುತ್ತಾರೆ. ಮೂರನೆಯದನ್ನು ಕೇಳಿಕೊಳ್ಳುವವನು ಭಕ್ತನು.

"ನೋಟ ಪರರಿಚ್ಛೆ" ಎಂಬ ಗಾದೆ ಸುಳ್ಳಲ್ಲ. ಆದರೆ ಆ ಪರರು ಪೀಠದ ಮೇಲೆ ಕುಳಿತು ಅಳೆಯುವವರಲ್ಲ. ಪಂಕ್ತಿಯ ಕೊನೆಯಲ್ಲಿ ಕುಳಿತು, ಯಾರೂ ನೋಡದಿರಲೆಂದು ಹರಿದ ತೋಳನ್ನು ಮಡಿಸಿಕೊಂಡವರು. ಮದುವೆಗೂ ಜಾತ್ರೆಗೂ ಮಠದ ದಾಸೋಹಕ್ಕೂ ಬರುವ ಉಳ್ಳವರು ಅಂಥವರನ್ನು ನೆನೆದು ಉಡಲಿ. ಇಲ್ಲದವರು ಯಾರಿಗೂ ಅಂಜದೆ, ತೊಳೆದು ಮಡಿಮಾಡಿದ ತಮ್ಮ ಬಟ್ಟೆಯಲ್ಲಿಯೇ ತಲೆಯೆತ್ತಿ ಬರಲಿ. ಆಗ ಪಂಕ್ತಿಯಲ್ಲಿ ಮೊದಲು ಕೊನೆ ಎಂಬುದು ಅಳಿಯುತ್ತದೆ.