ಗುಟ್ಟು ಬೇರೆ, ಸುಳ್ಳು ಬೇರೆ



ಬೆಳಗಾವಿ, ಖಾನಾಪುರ ಕಡೆಯಿಂದ ಗುಡ್ಡ ಹತ್ತಿ ಬರುವ ಭಕ್ತಾದಿಗಳಲ್ಲಿ ಕೆಲವರು ಆಫೀಸಿನಲ್ಲಿ ಕಾಣಿಕೆ ಕೊಟ್ಟು, "ರಸೀದಿ ಮ್ಯಾಲೆ ನನ್ನ ಹೆಸರು ಬರೀಬ್ಯಾಡ್ರೀ" ಅಂತಾರೆ. ಹೀಗೆ ತನ್ನನ್ನು ಮುಚ್ಚಿಡುವುದು ತಪ್ಪೇ? ಆಗೆಲ್ಲ ನನಗೆ ಸಂತ ಜೋಸೆಫ್ ವಾಜ್ ನೆನಪಾಗುತ್ತಾರೆ.

ಇವರು ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ಹರಿದುಹೋಗುವ ಗೋವಾ ನಾಡಿನವರು. 1651ರಲ್ಲಿ ಜನನ. 1681ರಿಂದ ಸುಮಾರು ಮೂರು ವರ್ಷ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದರು. ಆಗ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅಲ್ಲಿ ಕಥೋಲಿಕ ಗುರುಗಳು ಕಾಲಿಡುವಂತಿರಲಿಲ್ಲ. 1687ರಲ್ಲಿ ವಾಜ್ ಗುರುಗಳು ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದರು. ಭಿಕ್ಷೆ ಬೇಡುತ್ತ ಮನೆ ಮನೆ ತಿರುಗಿದರು. ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು.

ಹಾಗಾದರೆ ಇದು ಮೋಸವೇ? ಒಂದು ಮಾತು ಗಮನಿಸಿರಿ. ವೇಷ ಭಿಕ್ಷುಕನದಾದರೂ ಕೊರಳಲ್ಲಿ ಜಪಮಾಲೆ ಕಾಣುವಂತಿತ್ತು, ಅಲ್ಲಿನ ಕಥೋಲಿಕರು ಗುರುತು ಹಿಡಿಯಲೆಂದು. ಗುರು ಎಂಬುದನ್ನು ಮುಚ್ಚಿಟ್ಟರು, ವಿಶ್ವಾಸವನ್ನು ಮುಚ್ಚಿಡಲಿಲ್ಲ.

ಆದರೂ ಕಷ್ಟದ ಪ್ರಶ್ನೆ ಉಳಿಯಿತು. 1689ರ ಕ್ರಿಸ್‌ಮಸ್ ಸಮಯದಲ್ಲಿ ಜಾಫ್ನಾದಲ್ಲಿ ಪೂಜೆಗೆ ಸೇರಿದವರನ್ನು ಡಚ್ಚರು ಹಿಡಿದರು. ಗುರುಗಳು ಸಿಗಲಿಲ್ಲ, ಶಿಕ್ಷೆ ಆದದ್ದು ಜನಕ್ಕೆ. ಒಬ್ಬರ ಗುಟ್ಟಿಗೆ ಇನ್ನೊಬ್ಬರು ಬೆಲೆ ಕೊಡಬೇಕೇ? ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಗುರುಗಳು ಆ ಜನರನ್ನು ಬಿಟ್ಟು ಗೋವಾಕ್ಕೆ ಓಡಲಿಲ್ಲ. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸೆರೆಯಾದರು. 1697ರಲ್ಲಿ ಅಲ್ಲಿ ಸಿಡುಬು ಬಂದಾಗ, ಎಲ್ಲರೂ ದೂರ ಮಾಡಿದ ರೋಗಿಗಳ ಪಕ್ಕದಲ್ಲಿ ಕೂತರು. 1711ರ ಜನವರಿ 16ರಂದು ಅಲ್ಲೇ ಕಣ್ಣು ಮುಚ್ಚಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಇವರನ್ನು ಸಂತರೆಂದು ಸಾರಿದರು.

ನಾನೂ ಒಮ್ಮೆ ಸಾಲದ ಸುದ್ದಿ ಮನೆಯಲ್ಲಿ ಮುಚ್ಚಿಟ್ಟಿದ್ದೆ. ಹೆಂಡತಿ ಮಕ್ಕಳ ನೆಮ್ಮದಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಬೇಕಂದ್ರೆ ಅದು ನನ್ನ ಮಾನ ಉಳಿಸಿಕೊಳ್ಳಲಿಕ್ಕೆ. ಬಯಲಾದ ದಿನ ಅವರೆದುರು ನಿಲ್ಲಲಾಗದೆ ಮನೆಯಿಂದ ಹೊರಗೆ ಹೋಗಿ ಕೂತೆ. ವಾಜ್ ಗುರುಗಳ ಗುಟ್ಟಿಗೂ ನನ್ನದಕ್ಕೂ ಇರುವ ಅಂತರ ಅಲ್ಲೇ ತಿಳಿಯಿತು.

ಆದ್ದರಿಂದ ಯಾತ್ರಿಕರೇ, ಏನಾದರೂ ಮುಚ್ಚಿಡುವಾಗ ಎರಡು ಮಾತು ಕೇಳಿಕೊಳ್ಳೋಣ. ಇದು ಯಾರಿಗಾಗಿ? ಬಯಲಾದರೆ ಅವರ ಜೊತೆ ನಾನು ನಿಲ್ಲುತ್ತೇನೆಯೇ? ಹೆಸರಿಲ್ಲದ ರಸೀದಿಯನ್ನು ನಾನು ಸಂತೋಷದಿಂದಲೇ ಬರೆದುಕೊಡುತ್ತೇನೆ.