ಕಿರಣಚಿಕಿತ್ಸೆಯಲ್ಲಿ ಲೇಸಿನ ವಿಚಾರ

ಯಾವುದೊಂದು ಕಾರ್ಯಕ್ಕೆ ಅತ್ಯುತ್ತಮವಾದ ಮಾರ್ಗವನ್ನು ಗಣಿತದಿಂದ ಕಂಡುಹಿಡಿಯಬಹುದೆಂದು ಹೇಳಿದೊಡನೆ, ‘ಯಾರಿಗೆ ಅತ್ಯುತ್ತಮ?’ ಎಂಬ ಪ್ರಶ್ನೆಯು ತಾನಾಗಿಯೇ ಏಳುವುದು. ಬಾಯಿ ಗಂಟಲುಗಳ ಕ್ಯಾನ್ಸರಿಗೆ ಮಾಡುವ ಕಿರಣಚಿಕಿತ್ಸೆಯಲ್ಲಿ ಇದು ಬರಿಯ ತರ್ಕವಲ್ಲ, ಬಾಳಿನ ಮಾತು. ಎಲೆಯಡಿಕೆ, ಹೊಗೆಸೊಪ್ಪು, ಬೀಡಿಗಳು ಬಳಕೆಯಲ್ಲಿರುವ ನಾಡಿನಲ್ಲಿ ಈ ರೋಗವು ಅಪರೂಪವೂ ಅಲ್ಲ.

ಚಿಕಿತ್ಸೆಯ ಕ್ರಮವು ಹೀಗಿರುವುದು. ವೈದ್ಯನು ಸಿ.ಟಿ. ಚಿತ್ರಗಳ ಮೇಲೆ ಗಂತಿಯ ಎಲ್ಲೆಯನ್ನು ಗೆರೆಯೆಳೆದು ಗುರುತಿಸುವನು. ಸಾಮಾನ್ಯವಾಗಿ ಅದಕ್ಕೆ 70 ಗ್ರೇ ಕಿರಣವನ್ನು, ವಾರಕ್ಕೆ ಐದು ಸರದಿಯಂತೆ, 35 ಸರದಿಗಳಲ್ಲಿ ಕೊಡುವರು. ಗಂತಿಯ ನೆರೆಯಲ್ಲಿಯೇ ಬೆನ್ನುಹುರಿಯೂ, ಕಿವಿಯ ಬುಡದ ಲಾಲಾಗ್ರಂಥಿಗಳೂ, ಧ್ವನಿಪೆಟ್ಟಿಗೆಯೂ ಇರುವುವು. ಬೆನ್ನುಹುರಿಗೆ 45–50 ಗ್ರೇ ಮೀರಬಾರದು. ಲಾಲಾಗ್ರಂಥಿಗೆ ಸರಾಸರಿ 26 ಗ್ರೇ ಒಳಗಿದ್ದರೆ ಒಳಿತು. ಇಂತಹ ಒಂದೊಂದು ಅಪೇಕ್ಷೆಗೂ ಒಂದೊಂದು ತೂಕವನ್ನಿಟ್ಟು ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ಕಿರಣದ ಸಣ್ಣ ಎಳೆಗಳನ್ನು ಹೆಚ್ಚುಕಡಮೆ ಮಾಡಿ ಹೊಂದಿಕೆಯನ್ನು ಹುಡುಕುವುದು. ತೂಗುವುದು ಯಂತ್ರ, ತಕ್ಕಡಿಗೆ ಕಲ್ಲು ಇಡುವವನು ಮನುಷ್ಯ.

ಈ ಜಾಣ್ಮೆಯಿಂದ ಆದ ಉಪಕಾರವು ಅಲ್ಪವಲ್ಲ. 2011ರಲ್ಲಿ ಪ್ರಕಟವಾದ, 94 ರೋಗಿಗಳನ್ನೊಳಗೊಂಡ ಬ್ರಿಟನ್ನಿನ ಪರೀಕ್ಷೆಯಲ್ಲಿ, ಹಳೆಯ ವಿಧಾನದವರಲ್ಲಿ ನೂರಕ್ಕೆ 74 ಮಂದಿಗೆ ವರ್ಷದ ಮೇಲೂ ಬಾಯಿ ಒಣಗುವ ತೊಂದರೆ ಉಳಿದಿತ್ತು. ಲಾಲಾಗ್ರಂಥಿಯನ್ನು ಕಾಯುವ ಹೊಸ ವಿಧಾನದಲ್ಲಿ ಅದು 38ಕ್ಕೆ ಇಳಿಯಿತು. ಜೋಳದ ರೊಟ್ಟಿಯನ್ನುಂಡು ಬೆಳೆದವನಿಗೆ ಒಣಗಿದ ಬಾಯಿಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೂ ಗಂತಿಯು ಗ್ರಂಥಿಗೆ ತಾಗಿಕೊಂಡಿದ್ದಾಗ ಎರಡನ್ನೂ ಪೂರ್ಣವಾಗಿ ಸಾಧಿಸಲಾಗದು. ಆಗ ಕಲ್ಲನ್ನು ಯಾವ ತಟ್ಟೆಗೆ ಇಡಬೇಕು? ರೋಗಿಗೆ ಶಾಸ್ತ್ರವು ತಿಳಿಯದು, ವೈದ್ಯನೇ ನಿಶ್ಚಯಿಸಲಿ ಎನ್ನುವವರುಂಟು. ಬೆನ್ನುಹುರಿಯಂತಹ ವಿಷಯದಲ್ಲಿ ಆ ಮಾತು ಸರಿಯೇ; ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಆದರೆ ರುಚಿ, ನುಡಿ, ನುಂಗುವ ಶಕ್ತಿ ಇವುಗಳ ಮಾತು ಬೇರೆ. ವಕೀಲಿಯ ನಡುವೆಯೂ ನಟನೆಯಿಂದ ಕೀರ್ತಿವಂತರಾದ ಬಳ್ಳಾರಿ ರಾಘವರ (1880–1946) ಊರಿನಲ್ಲಿ, ಕಂಠವೇ ಜೀವನವಾದವರು ಇರುವರೆಂಬುದನ್ನು ಮರೆಯಲಾಗದು. ಯಾವುದನ್ನು ಉಳಿಸಿದರೆ ಯಾವುದು ಹೋಗುವುದೆಂಬುದನ್ನು ವೈದ್ಯನು ಬಲ್ಲನು. ಹೋದದ್ದಿಲ್ಲದೆ ಬಾಳಬೇಕಾದವನು ಮಾತ್ರ ಅದರ ಬೆಲೆಯನ್ನು ಬಲ್ಲನು.

ಯಂತ್ರದ ಲೆಕ್ಕದೊಳಗೆ ಬಾರದ ತೂಕವು ಇನ್ನೊಂದುಂಟು, ಅದು ದಾರಿ. ನಡುವೆ ದಿನಗಳು ತಪ್ಪಿದರೆ ಗಂತಿಯು ಮರಳಿ ಬೆಳೆಯಲು ಅವಕಾಶವಾಗುವುದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ದೂರ. ಕುರುಗೋಡಿನಿಂದ ಅದರ ಅರ್ಧದಷ್ಟು. ಚಿಕಿತ್ಸೆಯು ಬಳ್ಳಾರಿಯಲ್ಲಿಯೇ ನಡೆದರೂ ಸಿರುಗುಪ್ಪದ ಭತ್ತದ ರೈತನು 35 ಸರದಿಗಳಿಗೆ 3,500 ಕಿಲೋಮೀಟರಿಗೂ ಮೇಲ್ಪಟ್ಟು ಅಲೆಯಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಬಳ್ಳಾರಿಯಿಂದಾಚೆಗೆ ಸುಮಾರು 300 ಕಿಲೋಮೀಟರಿನ ಪಯಣವೂ, ಏಳು ವಾರಗಳ ಪರಸ್ಥಳವಾಸವೂ ಸೇರುವುವು. ನಾಟಿಯ ಕಾಲದಲ್ಲಿ ಹತ್ತು ಸರದಿ ತಪ್ಪಿಸಿಕೊಂಡವನಿಗೆ ನಿರ್ದೋಷವಾದ ನಕ್ಷೆಯಿಂದ ಬಂದ ಲಾಭವೇನು? ಬಸ್ಸಿನ ಹಣ, ತಂಗುವ ಸ್ಥಳ, ಜೊತೆಗಿರುವ ಬಂಧು, ಇವೂ ಆ ನಕ್ಷೆಯ ಭಾಗಗಳೆಂದೇ ಎಣಿಸತಕ್ಕದ್ದು.

ಆದುದರಿಂದ ಗಣಿತವನ್ನು ದೂರುವುದು ನ್ಯಾಯವಲ್ಲ. ತನಗೆ ಕೊಟ್ಟ ತೂಕಗಳನ್ನು ಅದು ನಿಷ್ಠೆಯಿಂದ ತೂಗುವುದು. ತೂಕಗಳನ್ನು ಇಡುವ ಮುನ್ನ ರೋಗಿಯನ್ನು ಕೇಳುವ ಹೊಣೆಯು ಮನುಷ್ಯರದು. ಕೇಳದೆ ಮಾಡಿದ ಲೇಸು, ಲೆಕ್ಕದಲ್ಲಿ ಎಷ್ಟೇ ಸರಿಯಾಗಿದ್ದರೂ, ಅರ್ಧ ಲೇಸೇ ಸರಿ.